ಆಟದ ಒಡೆತನ

ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಊರಿದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಲೋಕಪ್ರಸಿದ್ಧವಾಗಿದ್ದ ಊರು ಅದು. ಗಿರಣಿಗಳು ಮುಚ್ಚಿಹೋದವು, 1875ರಲ್ಲಿ ಹುಟ್ಟಿದ ಕಾಲ್ಚೆಂಡಿನ ಕ್ಲಬ್ಬು ಮಾತ್ರ ಉಳಿಯಿತು. ಬ್ಲ್ಯಾಕ್‌ಬರ್ನ್ ರೋವರ್ಸ್ ಎಂಬುದು ಅದರ ಹೆಸರು. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಎಂಬ ಒಕ್ಕೂಟವನ್ನು ಕಟ್ಟಿದಾಗ ಅವುಗಳಲ್ಲಿ ಇದೂ ಒಂದಾಗಿತ್ತು. ಅದೇ ಊರಿನಲ್ಲಿ ಹುಟ್ಟಿ, ಉಕ್ಕಿನ ವ್ಯಾಪಾರದಲ್ಲಿ ಸಿರಿವಂತರಾದ ಜ್ಯಾಕ್ ವಾಕರ್ ಎಂಬವರು ತಮ್ಮ ಸಂಪತ್ತನ್ನು ಅದಕ್ಕೆ ಧಾರೆಯೆರೆದರು. ಅದರ ಫಲವಾಗಿ 1995ರಲ್ಲಿ ಆ ಪುಟ್ಟ ಊರಿನ ತಂಡ ಇಂಗ್ಲೆಂಡಿಗೇ ಮೊದಲನೆಯದಾಯಿತು. ವಾಕರ್ 2000ದಲ್ಲಿ ತೀರಿಕೊಂಡರು. ಹತ್ತು ವರ್ಷಗಳ ತರುವಾಯ, 2010ರ ನವೆಂಬರಿನಲ್ಲಿ, ಕ್ಲಬ್ಬು ಮಾರಾಟವಾಯಿತು. ಕೊಂಡವರು ಅಮೆರಿಕದವರಲ್ಲ, ಅರಬರೂ ಅಲ್ಲ. ನಮ್ಮ ಪುಣೆಯ ಕೋಳಿ ಉದ್ಯಮದ ಒಡೆಯರಾದ ವೆಂಕೀಸ್ ಸಂಸ್ಥೆಯವರು.

ಕೊಂಡ ಕೆಲವೇ ವಾರಗಳಲ್ಲಿ ಹೊಸ ಒಡೆಯರು ಅನುಭವಸ್ಥ ತರಬೇತುದಾರ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದುಹಾಕಿದರು. ತಂಡ ಸೋಲಿನ ಮೇಲೆ ಸೋಲನ್ನು ಕಂಡಿತು. 2012ರ ಮೇ ತಿಂಗಳಲ್ಲಿ, ಅದು ಮೇಲಿನ ದರ್ಜೆಯಿಂದ ಕೆಳಗಿಳಿಯುವುದು ಖಚಿತವಾದ ಪಂದ್ಯದಂದು, ಅಭಿಮಾನಿಗಳು ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ನೋಡಿದವರಿಗೆ ನಗೆ ತರುವ ದೃಶ್ಯ. ಬಿಟ್ಟವರಿಗೆ ಮಾತ್ರ ನಗುವ ಮನಸ್ಸಿರಲಿಲ್ಲ. 2017ರಲ್ಲಿ ತಂಡ ಮೂರನೆಯ ದರ್ಜೆಗೂ ಇಳಿದು, ಮರುವರ್ಷ ಒಂದು ಮೆಟ್ಟಿಲು ಮೇಲೇರಿತು. ವರ್ಷವರ್ಷದ ನಷ್ಟವನ್ನು ತುಂಬಲು ಒಡೆಯರು ಅಪಾರ ಹಣ ಸುರಿದರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಸುರಿದ ಹಣದಿಂದ ಊರಿನವರ ಮನಸ್ಸನ್ನು ಕೊಳ್ಳಲಾಗಲಿಲ್ಲ.

ವಿದೇಶಿ ಒಡೆತನವೆಂದೊಡನೆ ಭಾರತೀಯರ ಮನಸ್ಸಿನಲ್ಲಿ ಮೂಡುವುದು ಹಡಗೇರಿ ಬಂದ ಕಂಪನಿಯ ಚಿತ್ರ. ಇಲ್ಲಿ ಪಾತ್ರಗಳು ಅದಲುಬದಲಾಗಿವೆ. ಪುಣೆಯಲ್ಲಿ ಆದ ತೀರ್ಮಾನಕ್ಕೆ ಲ್ಯಾಂಕಷೈರಿನ ಊರೊಂದು ತಲೆಬಾಗಬೇಕಾಯಿತು. ಇದನ್ನು ಕೇಳಿ ಒಳಗೊಳಗೇ ಹಿಗ್ಗುವವರೂ ಇರಬಹುದು. ಆ ಹಿಗ್ಗು ಮೂಲಪ್ರಶ್ನೆಗೆ ಉತ್ತರವಾಗಲಾರದು. ಒಂದು ಊರಿನ ಜನ ನೂರಾರು ವರ್ಷ ಪ್ರೀತಿಯಿಂದ ಸಾಕಿ ಬೆಳೆಸಿದ್ದು, ಹಣ ಕೊಟ್ಟು ಕೊಂಡ ಮಾತ್ರಕ್ಕೆ ಕೊಂಡವನದೇ ಆಗಿಬಿಡುತ್ತದೆಯೇ?

ಈ ಕ್ಲಬ್ಬುಗಳು ಹುಟ್ಟಿದ ಬಗೆಯನ್ನು ತಿಳಿದರೆ ಪ್ರಶ್ನೆಯ ತೂಕವೂ ತಿಳಿಯುತ್ತದೆ. 1850ರ ಕಾರ್ಖಾನೆ ಕಾನೂನು ಗಿರಣಿಗಳಲ್ಲಿ ದುಡಿಯುವ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಸಕೂಡದೆಂದು ವಿಧಿಸಿತು. ಕ್ರಮೇಣ ಶನಿವಾರದ ಅರ್ಧ ದಿನದ ಬಿಡುವು ಕಾರ್ಮಿಕರೆಲ್ಲರ ಹಕ್ಕಾಯಿತು. ಆ ಬಿಡುವಿನಲ್ಲಿ ಬೆಳೆದದ್ದೇ ಈ ಆಟ. ಮಧ್ಯಾಹ್ನ ಮೂರು ಗಂಟೆಗೆ ಪಂದ್ಯ ಆರಂಭವಾಗುವ ರೂಢಿ ಬಂದದ್ದೂ ಹೀಗೆಯೇ. ಇಂದು ಮ್ಯಾಂಚೆಸ್ಟರ್ ಯುನೈಟೆಡ್ ಎಂದು ಜಗತ್ತೇ ಬಲ್ಲ ಕ್ಲಬ್ಬನ್ನು 1878ರಲ್ಲಿ ಕಟ್ಟಿದವರು ನ್ಯೂಟನ್ ಹೀತ್ ಎಂಬಲ್ಲಿ ರೈಲುಗಾಡಿಗಳನ್ನು ತಯಾರಿಸುತ್ತಿದ್ದ ಕಾರ್ಮಿಕರು. ಆರ್ಸೆನಲ್ ಕ್ಲಬ್ಬು 1886ರಲ್ಲಿ ಲಂಡನ್ನಿನ ವುಲಿಚ್ ಎಂಬಲ್ಲಿದ್ದ ಸರ್ಕಾರಿ ಶಸ್ತ್ರಾಗಾರದ ಕೆಲಸಗಾರರದು. ವೆಸ್ಟ್ ಹ್ಯಾಮ್ ಹಡಗು ಕಟ್ಟುವವರದು. ಎವರ್ಟನ್ ಒಂದು ಚರ್ಚಿನ ಹುಡುಗರದು. ದುಡಿದು ದಣಿದ ಮೈಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಸಂಭ್ರಮ ಅದು. ತಂದೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ ತಂಡವೇ ಮಗನ ತಂಡವೂ ಆಗುತ್ತಿತ್ತು.

ಕ್ಲಬ್ಬುಗಳಿಗೆ ಆಗಲೂ ಒಡೆಯರಿದ್ದರು. ಬಹುಮಟ್ಟಿಗೆ ಅವರು ಊರಿನ ವ್ಯಾಪಾರಿಗಳು, ಗಿರಣಿಯ ಯಜಮಾನರು. ಅವರೇನೂ ಸಾಧುಸಂತರಾಗಿರಲಿಲ್ಲ, 1961ರವರೆಗೂ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಕಟ್ಟಳೆಯಿಟ್ಟು ದುಡಿಸಿಕೊಂಡವರೂ ಇವರೇ. ಆದರೆ ಆಟದ ಆಡಳಿತ ನಡೆಸುವ ಫುಟ್‌ಬಾಲ್ ಅಸೋಸಿಯೇಷನ್ನು ಅವರಿಗೊಂದು ಲಗಾಮು ಹಾಕಿತ್ತು. ಷೇರುದಾರರು ಪಡೆಯಬಹುದಾದ ಲಾಭಾಂಶಕ್ಕೆ ಮಿತಿಯಿತ್ತು. ನಿರ್ದೇಶಕರು ಸಂಬಳ ಪಡೆಯುವಂತಿರಲಿಲ್ಲ. ಕ್ಲಬ್ಬನ್ನು ಹೊಂದುವುದು ಊರಿನಲ್ಲಿ ಗೌರವದ ಮಾತಾಗಿತ್ತೇ ಹೊರತು ಹಣ ಗಳಿಸುವ ದಾರಿಯಾಗಿರಲಿಲ್ಲ. 1983ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬು ಈ ಲಗಾಮಿನಿಂದ ನುಣುಚಿಕೊಳ್ಳುವ ಉಪಾಯ ಕಂಡುಕೊಂಡಿತು. ಕ್ಲಬ್ಬಿನ ಮೇಲೆ ಇನ್ನೊಂದು ಕಂಪನಿಯನ್ನು ನಿಲ್ಲಿಸಿ, ಆ ಕಂಪನಿಯ ಷೇರುಗಳನ್ನು ಪೇಟೆಗೆ ಬಿಟ್ಟಿತು. ನಿಯಮ ಕ್ಲಬ್ಬಿಗಷ್ಟೇ ಅನ್ವಯಿಸುತ್ತಿತ್ತು, ಕಂಪನಿಗಲ್ಲ! ಉಳಿದವರಿಗೆ ಈ ಕಿಂಡಿ ಹೆಬ್ಬಾಗಿಲಾಯಿತು.

ಮುಂದಿನ ಬದಲಾವಣೆಯ ಹಿಂದೆ ಒಂದು ಮಹಾದುರಂತವಿದೆ. 1989ರ ಏಪ್ರಿಲ್ 15ರಂದು ಷೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ, ನಿಂತು ನೋಡುವ ಮೆಟ್ಟಿಲುಗಳ ಬಳಿ ಜನದಟ್ಟಣೆಯಲ್ಲಿ ಸಿಲುಕಿ ಲಿವರ್‌ಪೂಲ್ ತಂಡದ 97 ಅಭಿಮಾನಿಗಳು ಪ್ರಾಣ ತೆತ್ತರು. ತಪ್ಪು ಆ ಜನರದಲ್ಲವೆಂದು ವಿಚಾರಣಾ ಮಂಡಲಿ ಸಾರಿದ್ದು 2016ರಲ್ಲಿ. ದುರಂತದ ತರುವಾಯ ದೊಡ್ಡ ಕ್ಲಬ್ಬುಗಳೆಲ್ಲ ಪ್ರತಿಯೊಬ್ಬ ಪ್ರೇಕ್ಷಕನಿಗೂ ಆಸನ ಕಲ್ಪಿಸಬೇಕಾಯಿತು. ಅದು ಅತ್ಯಗತ್ಯವಾಗಿದ್ದ ಸುಧಾರಣೆ. ಅದನ್ನು ಹಳಿಯುವುದು ಸಲ್ಲದು. ಆದರೆ ಆಸನದ ಜೊತೆಗೇ ಬೆಲೆಯೂ ಏರಿತು, ಏರುತ್ತಲೇ ಹೋಯಿತು. ಕಿಸೆಯಲ್ಲಿದ್ದ ಚಿಲ್ಲರೆಯಿಂದ ಪಂದ್ಯ ನೋಡುತ್ತಿದ್ದ ಹುಡುಗ ನಿಧಾನವಾಗಿ ಕ್ರೀಡಾಂಗಣದ ಹೊರಗುಳಿದ.

1992ರಲ್ಲಿ ಮೇಲಿನ ದರ್ಜೆಯ 22 ಕ್ಲಬ್ಬುಗಳು ಹಳೆಯ ಒಕ್ಕೂಟದಿಂದ ಬೇರ್ಪಟ್ಟು ಪ್ರೀಮಿಯರ್ ಲೀಗನ್ನು ಸ್ಥಾಪಿಸಿದವು. ಅದರ ಮೊದಲ ಐದು ವರ್ಷಗಳ ದೂರದರ್ಶನ ಪ್ರಸಾರದ ಹಕ್ಕು ಸುಮಾರು 30 ಕೋಟಿ ಪೌಂಡಿಗೆ ಮಾರಾಟವಾಯಿತು. 2025ರಲ್ಲಿ ಆರಂಭವಾದ ನಾಲ್ಕು ವರ್ಷಗಳ ಒಪ್ಪಂದದಲ್ಲಿ ಬ್ರಿಟನ್ನಿನೊಳಗಿನ ಹಕ್ಕಿಗೇ 670 ಕೋಟಿ ಪೌಂಡ್. ಇಷ್ಟು ಹಣ ತೆತ್ತವನು ಪಂದ್ಯದ ಹೊತ್ತನ್ನೂ ತನಗೆ ಬೇಕಾದಂತೆ ಗೊತ್ತುಮಾಡುತ್ತಾನೆ. ಶನಿವಾರ ಮೂರು ಗಂಟೆಯ ಪಂದ್ಯ ಶನಿವಾರದ ಹನ್ನೆರಡೂವರೆಗೋ, ಭಾನುವಾರಕ್ಕೋ, ಸೋಮವಾರದ ರಾತ್ರಿಗೋ ಸರಿಯಿತು. ನ್ಯೂಕ್ಯಾಸಲಿನಿಂದ ಲಂಡನ್ನಿಗೆ ಸುಮಾರು 450 ಕಿಲೋಮೀಟರ್. ಸೋಮವಾರ ರಾತ್ರಿ ಹತ್ತು ಗಂಟೆಗೆ ಪಂದ್ಯ ಮುಗಿದರೆ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವನು ಊರು ಸೇರುವುದು ಹೇಗೆ? ಈ ಪ್ರಶ್ನೆ ವೇಳಾಪಟ್ಟಿ ಬರೆಯುವವರನ್ನು ಬಾಧಿಸಿದಂತೆ ಕಾಣುವುದಿಲ್ಲ. ಹನ್ನೆರಡೂವರೆಯ ಪಂದ್ಯ ಬೆಂಗಳೂರಿನಲ್ಲಿ ಕುಳಿತವನಿಗೆ ಸಂಜೆಯ ಕಾಫಿಯ ಹೊತ್ತಿಗೆ ಒದಗುತ್ತದೆ. ಅವನೂ ಆ ಮಾರುಕಟ್ಟೆಯ ಒಬ್ಬ ಗಿರಾಕಿ. ಇನ್ನೊಂದು ವಿಚಿತ್ರವುಂಟು. ಶನಿವಾರ ಮೂರು ಗಂಟೆಗೆ ಆಡುವ ಪಂದ್ಯವನ್ನು ಬೆಂಗಳೂರಿನ ಮನೆಯಲ್ಲಿ ನೇರವಾಗಿ ನೋಡಬಹುದು, ಇಂಗ್ಲೆಂಡಿನ ಮನೆಯಲ್ಲಿ ನೋಡುವಂತಿಲ್ಲ. ಸಣ್ಣ ಕ್ಲಬ್ಬುಗಳ ಮೈದಾನಗಳು ಬರಿದಾಗದಿರಲೆಂದು ಆ ಹೊತ್ತಿನ ನೇರ ಪ್ರಸಾರವನ್ನು ಅಲ್ಲಿ ಬಹುಕಾಲದಿಂದ ತಡೆಹಿಡಿಯಲಾಗಿದೆ. ಹಳೆಯ ಕಾಲದ ವಿವೇಕದಲ್ಲಿ ಉಳಿದುಬಂದದ್ದು ಇದೊಂದು.

ಹಣದ ಹೊಳೆ ಹರಿದೆಡೆಗೆ ಹಣವಂತರು ಬಂದರು. 2003ರಲ್ಲಿ ರಷ್ಯದ ಸಿರಿವಂತನೊಬ್ಬ ಚೆಲ್ಸಿಯನ್ನೂ, 2008ರಲ್ಲಿ ಅಬುಧಾಬಿಯ ರಾಜಮನೆತನದವರು ಮ್ಯಾಂಚೆಸ್ಟರ್ ಸಿಟಿಯನ್ನೂ, 2021ರಲ್ಲಿ ಸೌದಿ ಅರೇಬಿಯದ ಸರ್ಕಾರಿ ನಿಧಿ ನ್ಯೂಕ್ಯಾಸಲನ್ನೂ ಕೊಂಡವು. ಇವುಗಳಲ್ಲೆಲ್ಲ ಹೆಚ್ಚು ಯೋಚನೆಗೆ ಹಚ್ಚುವುದು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಕಥೆ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಅದನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡಿತು. ಆ ಹಣದ ಬಹುಪಾಲು ಸಾಲ. ಸಾಲದ ಹೊರೆಯ ದೊಡ್ಡ ಭಾಗ ಬಿದ್ದದ್ದು ಕ್ಲಬ್ಬಿನ ತಲೆಯ ಮೇಲೆ. ಅಲ್ಲಿಯವರೆಗೆ ಋಣಮುಕ್ತವಾಗಿದ್ದ ಕ್ಲಬ್ಬು, ತನ್ನನ್ನು ಬೇರೊಬ್ಬರು ಕೊಂಡದ್ದಕ್ಕಾಗಿ ತಾನೇ ಬಡ್ಡಿ ಕಟ್ಟತೊಡಗಿತು. ಮನೆಯನ್ನು ಸಾಲದಿಂದ ಕೊಂಡವನು ಆ ಸಾಲವನ್ನು ಬಾಡಿಗೆದಾರರಿಂದ ತೀರಿಸಿಕೊಂಡಂತೆ ಇದು. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪಿರಲಿಲ್ಲ. ಆದರೆ ಬಡ್ಡಿಯಾಗಿ ಹರಿದುಹೋದ ಹಣದಲ್ಲಿ ಟಿಕೆಟ್ಟು ಕೊಂಡು ಬಂದವರ ದುಡಿಮೆಯೂ ಸೇರಿತ್ತು. 2010ರಲ್ಲಿ ಸಾವಿರಾರು ಅಭಿಮಾನಿಗಳು ತಂಡದ ಕೆಂಪು ಬಣ್ಣವನ್ನು ಬಿಟ್ಟು ಹಸಿರು ಮತ್ತು ಹೊಂಬಣ್ಣದ ವಸ್ತ್ರಗಳನ್ನು ಕೊರಳಿಗೆ ಸುತ್ತಿಕೊಂಡು ಬಂದರು. ನ್ಯೂಟನ್ ಹೀತ್‌ನ ಆ ರೈಲು ಕಾರ್ಮಿಕರು ಧರಿಸಿದ್ದ ಬಣ್ಣಗಳವು. ಬೇರೆ ಕೆಲವರು 2005ರಲ್ಲೇ ಹೊರನಡೆದು ಎಫ್.ಸಿ. ಯುನೈಟೆಡ್ ಎಂಬ ಸ್ವಂತ ಕ್ಲಬ್ಬನ್ನು ಕಟ್ಟಿಕೊಂಡಿದ್ದರು. ಅಲ್ಲಿ ಸದಸ್ಯನೊಬ್ಬನಿಗೆ ಒಂದೇ ಮತ, ಅವನ ಹಣ ಎಷ್ಟೇ ಇರಲಿ.

ಹಣ ಬಂದದ್ದರಿಂದಲೇ ಆಟಕ್ಕೆ ಕಳೆ ಬಂದಿತೆಂದು ಹೇಳುವವರಿದ್ದಾರೆ. ಜಗತ್ತಿನ ಶ್ರೇಷ್ಠ ಆಟಗಾರರು ಇಂಗ್ಲೆಂಡಿಗೆ ಬಂದರು, ಕ್ರೀಡಾಂಗಣಗಳು ಸುರಕ್ಷಿತವಾದವು ಎಂಬ ಮಾತು ಸುಳ್ಳಲ್ಲ. ವಿದೇಶಿ ಒಡೆಯನೆಂದ ಮಾತ್ರಕ್ಕೆ ಕೆಟ್ಟವನೆನ್ನುವಂತೆಯೂ ಇಲ್ಲ. ಲೆಸ್ಟರ್ ನಗರದ ಕ್ಲಬ್ಬಿನ ಒಡೆಯರಾಗಿದ್ದ ವಿಚೈ ಶ್ರೀವದ್ಧನಪ್ರಭಾ ಥಾಯ್ಲೆಂಡಿನವರು. ಅವರ ಕಾಲದಲ್ಲಿ, 2016ರಲ್ಲಿ, ಯಾರೂ ನಿರೀಕ್ಷಿಸದಿದ್ದ ಆ ತಂಡ ಇಂಗ್ಲೆಂಡನ್ನೇ ಗೆದ್ದಿತು. 2018ರ ಅಕ್ಟೋಬರಿನಲ್ಲಿ ಕ್ರೀಡಾಂಗಣದ ಹೊರಗೇ ಹೆಲಿಕಾಪ್ಟರ್ ಬಿದ್ದು ಅವರು ಮಡಿದಾಗ ಊರಿಗೆ ಊರೇ ಹೂವಿಟ್ಟು ಅತ್ತಿತು. ಕ್ರೀಡಾಂಗಣದ ಬಳಿ ಅವರ ಪ್ರತಿಮೆಯೂ ನಿಂತಿದೆ. ಇನ್ನೊಂದೆಡೆ, ಮ್ಯಾಂಚೆಸ್ಟರಿನ ಸಮೀಪದ ಬರಿ ಎಂಬ ಊರಿನ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡವನು ಇಂಗ್ಲೆಂಡಿನವನೇ. 1885ರಲ್ಲಿ ಹುಟ್ಟಿದ ಆ ಕ್ಲಬ್ಬು ಹಣವಿಲ್ಲದೆ 2019ರ ಆಗಸ್ಟಿನಲ್ಲಿ ಒಕ್ಕೂಟದಿಂದಲೇ ಹೊರದೂಡಲ್ಪಟ್ಟಿತು. ಆದ್ದರಿಂದ ಒಡೆಯನ ನಾಡು ಯಾವುದೆಂಬುದು ಮುಖ್ಯವಲ್ಲ; ಅವನು ಯಾರಿಗೆ ಉತ್ತರ ಕೊಡಬೇಕೆಂಬುದು ಮುಖ್ಯ. ಬಹುಕಾಲ ಅವನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ.

ಅಭಿಮಾನಿಯನ್ನು ಗಿರಾಕಿಯೆಂದು ಎಣಿಸುವುದರಲ್ಲೇ ಅನ್ಯಾಯದ ಬೇರಿದೆ. ಒಂದು ಅಂಗಡಿಯ ಬೇಳೆ ಹುಳು ಹಿಡಿದಿದ್ದರೆ ಜನ ಮುಂದಿನ ಅಂಗಡಿಗೆ ಹೋಗುತ್ತಾರೆ; ಆ ಭಯವೇ ವ್ಯಾಪಾರಿಯನ್ನು ಹದ್ದಿನಲ್ಲಿಡುತ್ತದೆ. ಲಿವರ್‌ಪೂಲಿನ ಅಭಿಮಾನಿ ಟಿಕೆಟ್ಟು ತುಟ್ಟಿಯಾಯಿತೆಂದು ಎವರ್ಟನ್ನಿನ ಅಭಿಮಾನಿಯಾಗಬಲ್ಲನೇ? ಊಟವನ್ನಾದರೂ ಬಿಟ್ಟಾನು, ತಂಡವನ್ನು ಬಿಡಲಾರ. ಅವನ ಈ ನಿಷ್ಠೆಯನ್ನು ಯಾವ ಒಡೆಯನೂ ಸೃಷ್ಟಿಸಲಿಲ್ಲ. ಕ್ಲಬ್ಬಿನ ಬೆಲೆಯಾದರೋ ಬಹುಪಾಲು ಆ ನಿಷ್ಠೆಯ ಬೆಲೆಯೇ. ಕೊಡುವವನು ಒಬ್ಬ, ಕೊಳ್ಳುವವನು ಒಬ್ಬ. ಮಾರಾಟವಾಗುವುದು ಮಾತ್ರ ಮೂರನೆಯವನ ಪ್ರೀತಿ.

ವಿಂಬಲ್ಡನ್ ಕ್ಲಬ್ಬಿನ ಗತಿಯನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದರ ಒಡೆಯರು ಕ್ಲಬ್ಬನ್ನು ಲಂಡನ್ನಿನಿಂದ ಕಿತ್ತು, ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಹೊಸ ನಗರಕ್ಕೆ ಒಯ್ಯಲು 2002ರಲ್ಲಿ ಅನುಮತಿ ಪಡೆದರು. ಅಭಿಮಾನಿಗಳು ಅಳುತ್ತ ಕೂರಲಿಲ್ಲ. ಅದೇ ಬೇಸಿಗೆಯಲ್ಲಿ ಊರಿನ ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿಕೊಂಡು, ಕೆಳಗಿನ ದರ್ಜೆಯಲ್ಲಿ ಹೊಸ ಕ್ಲಬ್ಬನ್ನು ಆರಂಭಿಸಿದರು. 2011ರಲ್ಲಿ ಅದು ಫುಟ್‌ಬಾಲ್ ಲೀಗಿಗೇರಿತು. 2020ರ ನವೆಂಬರಿನಲ್ಲಿ ತಮ್ಮ ಹಳೆಯ ಬೀದಿಯಾದ ಪ್ಲೌ ಲೇನಿನಲ್ಲೇ ಸ್ವಂತ ಕ್ರೀಡಾಂಗಣಕ್ಕೆ ಮರಳಿತು. ಬಣ್ಣದ ವಿಷಯದಲ್ಲೂ ಹೀಗೆಯೇ. ಇಂಗ್ಲೆಂಡಿನ ಒಕ್ಕೂಟದಲ್ಲಿ ಆಡುವ ವೇಲ್ಸಿನ ಕಾರ್ಡಿಫ್ ತಂಡಕ್ಕೆ 'ನೀಲಹಕ್ಕಿಗಳು' ಎಂದೇ ಅಡ್ಡಹೆಸರು. 2012ರಲ್ಲಿ ಮಲೇಷ್ಯದ ಒಡೆಯರು ಅದಕ್ಕೆ ಕೆಂಪು ಅಂಗಿ ತೊಡಿಸಿದರು. ಎರಡೂವರೆ ವರ್ಷಗಳ ಕೂಗಾಟದ ಬಳಿಕ, 2015ರ ಜನವರಿಯಲ್ಲಿ, ಹಕ್ಕಿಗೆ ತನ್ನ ಬಣ್ಣ ಮರಳಿ ದೊರೆಯಿತು.

ಪ್ರತಿಭಟನೆ ವ್ಯರ್ಥವೆಂದು ಹೇಳುವವರಿಗೆ 2016ರ ಫೆಬ್ರವರಿಯ ಘಟನೆಯನ್ನು ನೆನಪಿಸಬೇಕು. ಲಿವರ್‌ಪೂಲ್ ಕ್ಲಬ್ಬು ಟಿಕೆಟ್ಟೊಂದರ ಗರಿಷ್ಠ ಬೆಲೆಯನ್ನು 77 ಪೌಂಡಿಗೆ ಏರಿಸುವುದಾಗಿ ಸಾರಿತ್ತು. ಮುಂದಿನ ಪಂದ್ಯದ 77ನೆಯ ನಿಮಿಷದಲ್ಲಿ, ತಮ್ಮ ತಂಡ ಎರಡು ಗೋಲುಗಳಿಂದ ಮುಂದಿದ್ದಾಗಲೇ, ಸುಮಾರು ಹತ್ತು ಸಾವಿರ ಮಂದಿ ಎದ್ದು ಹೊರನಡೆದರು. ತಂಡ ಆ ಮುನ್ನಡೆಯನ್ನು ಕಳೆದುಕೊಂಡು ಪಂದ್ಯ ಸಮವಾಯಿತು. ಕೆಲವೇ ದಿನಗಳಲ್ಲಿ ಅಮೆರಿಕದ ಒಡೆಯರು ಕ್ಷಮೆ ಕೇಳಿ ಬೆಲೆಯೇರಿಕೆಯನ್ನು ಹಿಂದೆಗೆದರು. 2021ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಆರು ದೊಡ್ಡ ಕ್ಲಬ್ಬುಗಳು ಯೂರೋಪಿನ ಇತರ ಆರು ಕ್ಲಬ್ಬುಗಳೊಡನೆ ಸೇರಿ, ಸ್ಥಾಪಕರು ಎಂದಿಗೂ ಕೆಳಗಿಳಿಯದಂಥ ಹೊಸ ಒಕ್ಕೂಟವನ್ನು ಘೋಷಿಸಿದವು. ಸೋಲಿನ ಭಯವಿಲ್ಲದ ಆಟ! ಅಭಿಮಾನಿಗಳು ಬೀದಿಗಿಳಿದರು. ಮೂರು ದಿನಗಳೊಳಗೆ ಆರೂ ಕ್ಲಬ್ಬುಗಳು ಹಿಂದೆ ಸರಿದವು.

ಈ ಪ್ರಸಂಗದ ತರುವಾಯ ಸರ್ಕಾರವೂ ಎಚ್ಚೆತ್ತಿತು. 2025ರ ಜುಲೈಯಲ್ಲಿ ಬ್ರಿಟನ್ನಿನ ಸಂಸತ್ತು ಫುಟ್‌ಬಾಲ್ ಆಡಳಿತದ ಕಾಯಿದೆಯನ್ನು ಜಾರಿಗೆ ತಂದು, ಕ್ಲಬ್ಬುಗಳ ಮೇಲೆ ಕಣ್ಣಿಡಲು ಸ್ವತಂತ್ರ ನಿಯಂತ್ರಕರನ್ನು ನೇಮಿಸಿತು. ಕ್ಲಬ್ಬನ್ನು ಕೊಳ್ಳಲು ಬರುವವನ ಯೋಗ್ಯತೆಯನ್ನೂ ಹಣದ ಮೂಲವನ್ನೂ ಅವರು ಪರೀಕ್ಷಿಸಬಹುದು. ಅಭಿಮಾನಿಗಳ ಒಪ್ಪಿಗೆಯಿಲ್ಲದೆ ಲಾಂಛನವನ್ನಾಗಲಿ ಅಂಗಿಯ ಬಣ್ಣವನ್ನಾಗಲಿ ಬದಲಿಸುವಂತಿಲ್ಲ. ನಿಯಂತ್ರಕರ ಅನುಮತಿಯಿಲ್ಲದೆ ಮೈದಾನವನ್ನು ಮಾರುವಂತಿಲ್ಲ. ಟಿಕೆಟ್ಟಿನ ಬೆಲೆಯ ವಿಷಯದಲ್ಲಿ ಅಭಿಮಾನಿಗಳೊಡನೆ ಸಮಾಲೋಚಿಸಬೇಕೆಂದೂ ವಿಧಿಯಿದೆ. ಸಮಾಲೋಚನೆ ಮುಗಿದ ಮೇಲೆ ಬೆಲೆಯನ್ನು ಗೊತ್ತುಮಾಡುವ ಅಧಿಕಾರ ಮಾತ್ರ ಈಗಲೂ ಕ್ಲಬ್ಬಿನ ಒಡೆಯರದೇ.