ಪರಂಪರೆಯ ವಸ್ತುಗಳಿಗೆ ವಿಷವೇಕೆ, ಶೀತವಿರಲು?

ಕಲ್ಲಿನ ಕೋಟೆಯ ನೆರಳಿನಲ್ಲಿ ಬಾಳುತ್ತಿರುವ ನಮಗೆ ಪುರಾತನ ವಸ್ತು ಎಂದೊಡನೆ ಕಲ್ಲೇ ನೆನಪಿಗೆ ಬರುವುದು ಸಹಜ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದಾಗ ಅಕ್ಷರಗಳನ್ನು ಓದಲು ಸಾಧ್ಯವಾಯಿತು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದಾಗ ಮಡಕೆಗಳೂ ನಾಣ್ಯಗಳೂ ದೊರೆತವು. ಆದರೆ ಆ ಜನರು ಉಟ್ಟ ಬಟ್ಟೆಯಾಗಲಿ, ಮಲಗಿದ ಮಂಚವಾಗಲಿ, ಬರೆದಿಟ್ಟ ಓಲೆಯಾಗಲಿ ನಮಗೆ ಉಳಿದಿಲ್ಲ. ಕಲ್ಲು, ಮಣ್ಣು, ಲೋಹಗಳು ಉಳಿಯುತ್ತವೆ. ಮರ, ಕಾಗದ, ಉಣ್ಣೆ, ರೇಷ್ಮೆ, ತೊಗಲುಗಳು ಅಳಿಯುತ್ತವೆ. ಅಳಿಸುವ ಕೈಗಳಲ್ಲಿ ಅತಿ ಚಿಕ್ಕದೂ ಅತಿ ಹೊಟ್ಟೆಬಾಕವೂ ಆದದ್ದು ಕೀಟ.

ಚಳಿದೇಶಗಳಲ್ಲಿ ಹೇಮಂತವು ಕೀಟಗಳ ಸಂತಾನಕ್ಕೆ ವರ್ಷಕ್ಕೊಮ್ಮೆ ತಡೆ ಹಾಕುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಬಯಲುಸೀಮೆಯಲ್ಲಿ ಅಂತಹ ಬಿಡುವು ಅವುಗಳಿಗೆ ಬಾರದು. ಕುಟ್ಟೆ ಹುಳು ಮರದೊಳಗೆ ಸುರಂಗ ಕೊರೆಯುತ್ತದೆ. ನುಸಿ ಉಣ್ಣೆಯನ್ನೂ ರೇಷ್ಮೆಯನ್ನೂ ತಿನ್ನುತ್ತದೆ. ಪುಸ್ತಕದ ಹುಳು ರಟ್ಟಿನ ಗೋಂದಿನಿಂದ ಆರಂಭಿಸಿ ಹಾಳೆಗಳನ್ನು ಜರಡಿಯಾಗಿಸುತ್ತದೆ. ಪೀಠದ ಮೇಲಿನ ಸ್ವರೂಪದ ಬುಡದಲ್ಲಿ ಹಿಟ್ಟಿನಂತಹ ನಯವಾದ ಪುಡಿ ಕಂಡುಬಂದರೆ ಅದನ್ನು ಧೂಳೆಂದು ಒರೆಸಿಬಿಡುತ್ತೇವೆ. ಅದು ಧೂಳಲ್ಲ, ಒಳಗೆ ನಡೆಯುತ್ತಿರುವ ನಾಶದ ಸಾಕ್ಷಿ.

ಈ ವಿಷಯ ವಸ್ತುಸಂಗ್ರಹಾಲಯದ ಅಧಿಕಾರಿಗಳಿಗೆ ಮಾತ್ರ ಸಂಬಂಧಿಸಿದ್ದು, ನಮಗೇಕೆ ಎಂದು ಓದುಗರು ಕೇಳಬಹುದು. ಪ್ರತಿ ಧರ್ಮಕೇಂದ್ರವೂ ಒಂದು ಚಿಕ್ಕ ಸಂಗ್ರಹಾಲಯವೇ ಎಂಬುದನ್ನು ನಾವು ಮರೆತಿದ್ದೇವೆ. ಮರದ ಶಿಲುಬೆ, ಸಂತರ ಸ್ವರೂಪ, ಜರತಾರಿಯ ಪೂಜಾವಸ್ತ್ರ, ಹಳೆಯ ಪ್ರಾರ್ಥನಾ ಪುಸ್ತಕ, ಎಲ್ಲಕ್ಕೂ ಮಿಗಿಲಾಗಿ ಜ್ಞಾನಸ್ನಾನ, ವಿವಾಹ, ಮರಣಗಳ ದಫ್ತರಗಳು ಅಲ್ಲಿವೆ. ಜನನ ಮರಣಗಳ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಹಿರಿಯರಿಗೆ ತಮ್ಮ ಹುಟ್ಟಿದ ದಿನವನ್ನೂ ತಂದೆತಾಯಿಗಳ ಹೆಸರನ್ನೂ ತೋರಿಸಲು ಇರುವ ಬರಹದ ಆಧಾರ ಜ್ಞಾನಸ್ನಾನದ ದಫ್ತರದ ಒಂದು ಸಾಲು ಮಾತ್ರ. ಪಿಂಚಣಿ, ಆಸ್ತಿಯ ಹಕ್ಕು, ಮಕ್ಕಳ ಮದುವೆಗಳಿಗೆ ಬೇಕಾಗುವ ದಾಖಲೆ ಆ ಸಾಲಿನಿಂದಲೇ ಹೊರಡುತ್ತದೆ. ಹುಳು ಆ ಸಾಲನ್ನು ತಿಂದರೆ ಒಂದು ಕುಟುಂಬದ ಬೇರನ್ನೇ ತಿಂದಂತೆ. 1983ರ ಶ್ರೀಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಈ ದಫ್ತರಗಳನ್ನು ಇಡುವುದನ್ನಷ್ಟೇ ಅಲ್ಲ, ಹಳೆಯವನ್ನು ಜೋಪಾನ ಮಾಡುವುದನ್ನೂ ಕರ್ತವ್ಯವೆಂದು ವಿಧಿಸಿದೆ.

ಹುಳು ಕಂಡಾಗ ನಮ್ಮಲ್ಲಿ ನಡೆಯುವುದು ಸಾಮಾನ್ಯವಾಗಿ ಎರಡೇ ಬಗೆ. ಒಂದೋ ಹಳೆಯ ಸ್ವರೂಪವನ್ನು ತೆಗೆದುಹಾಕಿ ಅಚ್ಚಿನಲ್ಲಿ ಎರಕ ಹೊಯ್ದ ಹೊಸದನ್ನು ಕೂರಿಸುತ್ತಾರೆ. ಇಲ್ಲವೇ ಸೀಮೆಎಣ್ಣೆ ಸುರಿದು, ಕೀಟನಾಶಕ ಬಳಿದು, ಪೆಟ್ಟಿಗೆಯ ತುಂಬ ನುಸಿಗುಳಿಗೆ ಚೆಲ್ಲಿ ಕೈತೊಳೆದುಕೊಳ್ಳುತ್ತಾರೆ. ಮೊದಲನೆಯದರಿಂದ ವಸ್ತು ಹೋಗುತ್ತದೆ. ಎರಡನೆಯದರಿಂದ ವಸ್ತು ಉಳಿದರೂ ಅದರ ಮೈಯಲ್ಲಿ ವಿಷ ಉಳಿಯುತ್ತದೆ. ಹಬ್ಬದ ದಿನ ತಾಯಂದಿರು ಮಗುವನ್ನೆತ್ತಿ ಸ್ವರೂಪದ ಪಾದಕ್ಕೆ ಮುತ್ತಿಡಿಸುತ್ತಾರೆ. ಆ ಪಾದಕ್ಕೆ ಹಿಂದೆ ಏನು ಬಳಿಯಲಾಗಿತ್ತೆಂದು ಅವರಿಗೆ ತಿಳಿಯದು. ಧಾನ್ಯದ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯಲ್ಲಾಗಲಿ ದೇವಾಲಯದ ಕೋಣೆಯಲ್ಲಾಗಲಿ ಇಡುವುದಂತೂ ಪ್ರಾಣಕ್ಕೇ ಅಪಾಯ.

ದೊಡ್ಡ ದೇಶಗಳ ಸಂಗ್ರಹಾಲಯಗಳೂ ಒಂದು ಕಾಲಕ್ಕೆ ಇದೇ ದಾರಿ ಹಿಡಿದಿದ್ದವು. ಪ್ರಾಣಿಗಳ ಚರ್ಮಕ್ಕೆ ಪಾಷಾಣ ಹಚ್ಚಿದರು, ಉಡುಪುಗಳಿಗೆ ಡಿಡಿಟಿ ಎರಚಿದರು. ಇಂದು ಆ ವಸ್ತುಗಳನ್ನು ಮುಟ್ಟಲು ಸಿಬ್ಬಂದಿ ಕೈಗವಸು ತೊಡಬೇಕಾಗಿದೆ. ಮೀಥೈಲ್ ಬ್ರೋಮೈಡ್ ಎಂಬ ಅನಿಲ ಬಹುಕಾಲ ಬಳಕೆಯಲ್ಲಿತ್ತು. ಅದು ಓಜೋನ್ ಪದರಕ್ಕೆ ಹಾನಿಕರವೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ತಂದು ಬಳಕೆಯನ್ನು ಹಂತಹಂತವಾಗಿ ಕೈಬಿಡಲಾಯಿತು.

ಆಗ ಕಂಡುಕೊಂಡ ದಾರಿಗಳಲ್ಲಿ ಅತಿ ಸರಳವಾದದ್ದು ಶೀತ. 1977ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದ ಅಪೂರ್ವ ಪುಸ್ತಕಗಳಿಗೆ ಹುಳು ಬಿದ್ದಿತು. ವಿಷದ ಅನಿಲ ಹಾಯಿಸುವ ಬದಲು ಪುಸ್ತಕಗಳನ್ನು ಹೆಪ್ಪುಗಟ್ಟುವ ಚಳಿಯಲ್ಲಿಡಿ ಎಂದು ಅಲ್ಲಿನ ಕೀಟಶಾಸ್ತ್ರಜ್ಞ ಚಾರ್ಲ್ಸ್ ರೆಮಿಂಗ್ಟನ್ ಸಲಹೆಯಿತ್ತರು. ಪುಸ್ತಕಗಳನ್ನು ಚೀಲಗಳಲ್ಲಿ ಮುಚ್ಚಿ ಅತಿ ಶೀತದಲ್ಲಿಟ್ಟರು. ಹುಳುಗಳು ಸತ್ತವು, ಪುಸ್ತಕಗಳು ಉಳಿದವು. ಈಗ ಅನೇಕ ದೇಶಗಳ ಸಂಗ್ರಹಾಲಯಗಳಲ್ಲಿ ಇದು ನಿತ್ಯದ ಕ್ರಮವಾಗಿದೆ.

ನಮ್ಮ ಗೃಹಿಣಿಯರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ರವೆಗೆ ಹುಳು ಬೀಳದಿರಲೆಂದು ಅವರು ಅದನ್ನು ಫ್ರಿಜ್ಜಿನಲ್ಲಿಡುತ್ತಾರೆ. ಸಂಗ್ರಹಾಲಯದ ವಿಧಾನ ಅದರ ಕಟ್ಟುನಿಟ್ಟಾದ ರೂಪ. ವಸ್ತುವನ್ನು ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿಟ್ಟು, ಸಾಧ್ಯವಾದಷ್ಟು ಗಾಳಿಯನ್ನು ಹೊರಹಾಕಿ, ಬಾಯಿಯನ್ನು ಟೇಪಿನಿಂದ ಭದ್ರವಾಗಿ ಮುಚ್ಚಬೇಕು. ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತವಾದರೆ ಮೂರು ದಿನ ಸಾಕೆಂಬುದು ತಜ್ಞರ ಲೆಕ್ಕ. ಅಂಗಡಿಗಳಲ್ಲಿ ಐಸ್‌ಕ್ರೀಂ ಇಡುವಂತಹ ಡೀಪ್ ಫ್ರೀಜರಿನಲ್ಲಿ ಸೊನ್ನೆಗಿಂತ 18ರಿಂದ 20 ಡಿಗ್ರಿ ಕೆಳಗಿನ ಶೀತ ದೊರೆಯುವುದರಿಂದ ಅಲ್ಲಿ ಎರಡು ವಾರ ಇಡುವುದು ಕ್ಷೇಮ. ಮನೆಯ ಫ್ರಿಜ್ಜಿನ ಐಸ್ ಕೋಣೆಯನ್ನು ಇದಕ್ಕೆ ನಂಬುವಂತಿಲ್ಲ.

ಶೀತವು ಬೇಗನೆ ಇಳಿಯಬೇಕು. ನಿಧಾನವಾಗಿ ತಣ್ಣಗಾದರೆ ಕೆಲವು ಹುಳುಗಳು ತಮ್ಮ ದೇಹದ ದ್ರವವನ್ನೇ ಚಳಿಗೆ ಹೊಂದಿಸಿಕೊಂಡು ಬದುಕುಳಿಯುತ್ತವೆ. ಆದ್ದರಿಂದ ಫ್ರೀಜರಿನಲ್ಲಿ ವಸ್ತುಗಳನ್ನು ಒತ್ತೊತ್ತಾಗಿ ತುಂಬಬಾರದು. ನಡುವೆ ವಿದ್ಯುತ್ತು ಬಹಳ ಹೊತ್ತು ಹೋಗಿ ಶೀತ ಕಡಿಮೆಯಾದರೆ ದಿನಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕು. ಹೊರತೆಗೆದ ಮೇಲೆ ಕನಿಷ್ಠ 24 ಗಂಟೆಗಳ ಕಾಲ ಚೀಲವನ್ನು ಬಿಚ್ಚಬಾರದು. ಆಗ ಗಾಳಿಯ ತೇವವು ಚೀಲದ ಹೊರಮೈಯಲ್ಲಿ ಹನಿಗಟ್ಟುತ್ತದೆಯೇ ಹೊರತು ಒಳಗಿನ ಹಾಳೆಯನ್ನಾಗಲಿ ಬಟ್ಟೆಯನ್ನಾಗಲಿ ತಾಕದು.

ಹೀಗೆಂದು ಎಲ್ಲವನ್ನೂ ಫ್ರೀಜರಿಗೆ ಸೇರಿಸುವಂತಿಲ್ಲ. ದಫ್ತರ, ಪುಸ್ತಕ, ಪೂಜಾವಸ್ತ್ರ, ಕಂಬಳಿ, ಬಣ್ಣವಿಲ್ಲದ ಸಾದಾ ಮರದ ವಸ್ತುಗಳಿಗೆ ಇದು ಹೊಂದುತ್ತದೆ. ಬಣ್ಣ ಬಳಿದು ಚಿನ್ನದ ರೇಕು ಹಚ್ಚಿದ ಸ್ವರೂಪ, ತೈಲಚಿತ್ರ, ದಂತದ ಕೆತ್ತನೆ, ಮೇಣದ ಬೊಂಬೆ, ಗಾಜಿನ ಛಾಯಾಚಿತ್ರಗಳಿಗೆ ಹೊಂದದು. ಮರವೂ ಅದರ ಮೇಲಿನ ಬಣ್ಣವೂ ಚಳಿಯಲ್ಲಿ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬಣ್ಣ ಬಿರುಕುಬಿಟ್ಟು ಉದುರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ದೇವಾಲಯದಲ್ಲಿ ಆಂಟೋನಿಯೋ ಮೊಸ್ಕೇನಿಯವರು ಕ್ಯಾನ್ವಾಸಿನ ಮೇಲೆ ರಚಿಸಿದ ತೈಲಚಿತ್ರಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅಂತಹವು ಪರಿಣತರ ಕೈಗೆ ಮಾತ್ರ ಸೇರಬೇಕಾದವು. ಪ್ರಾಚೀನತೆಯಿಂದಲೋ ಕಲೆಯಿಂದಲೋ ಭಕ್ತಿಯಿಂದಲೋ ಅಮೂಲ್ಯವಾದ ಸ್ವರೂಪಗಳನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಕೂಡದೆಂದೂ ಅವರು ತಜ್ಞರನ್ನು ವಿಚಾರಿಸಬೇಕೆಂದೂ ಸಂಹಿತೆಯ 1189ನೆಯ ವಿಧಿ ಹೇಳುತ್ತದೆ. ಅಂತಹ ತಜ್ಞರು ದೂರವೂ ಇಲ್ಲ. ಸಾಂಸ್ಕೃತಿಕ ಆಸ್ತಿಗಳ ಸಂರಕ್ಷಣೆಗಾಗಿ 1976ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ.

ಬಣ್ಣದ ಸ್ವರೂಪಗಳಿಗೂ ವಿಷವಿಲ್ಲದ ಉಪಾಯವುಂಟು. ವಸ್ತುವನ್ನು ಗಾಳಿಯಾಡದ ಹೊದಿಕೆಯೊಳಗಿಟ್ಟು, ಆಮ್ಲಜನಕವನ್ನು ತೆಗೆದು ಸಾರಜನಕ ತುಂಬಿ ಕೆಲವು ವಾರ ಬಿಟ್ಟರೆ ಹುಳುಗಳು ಉಸಿರಿಲ್ಲದೆ ಸಾಯುತ್ತವೆ. ಇದು ನಮ್ಮ ಹಿರಿಯರಿಗೆ ಅಪರಿಚಿತವಾದ ವಿದ್ಯೆಯಲ್ಲ. ಬಯಲುಸೀಮೆಯ ರೈತರು ಜೋಳ ರಾಗಿಗಳನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಗಾಳಿಯಲ್ಲಿ ಆಮ್ಲಜನಕ ತೀರಿಹೋಗಿ ಹುಳುಗಳು ಅಲ್ಲಿಯೇ ಅಳಿಯುತ್ತಿದ್ದವು. ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯಬಾರದೆಂಬ ಹಿರಿಯರ ಎಚ್ಚರಿಕೆಗೂ ಇದೇ ಕಾರಣ.

ಶೀತವು ಇರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಬರುವ ಹುಳುವನ್ನು ತಡೆಯುವುದಿಲ್ಲ. ಶುದ್ಧವಾದ ದಫ್ತರವನ್ನು ಮತ್ತೆ ಅದೇ ಹುಳುಕು ಕಪಾಟಿನಲ್ಲಿಟ್ಟರೆ ಶ್ರಮವೆಲ್ಲ ವ್ಯರ್ಥ. ಗೆದ್ದಲಿನ ವಿಷಯವಂತೂ ಬೇರೆಯೇ. ಅದರ ಗೂಡು ನೆಲದಲ್ಲಿರುವುದರಿಂದ ಕಟ್ಟಡದ ತೇವವನ್ನೂ ಗೋಡೆಯ ಬಿರುಕನ್ನೂ ಸರಿಪಡಿಸದೆ ಬಿಡುಗಡೆಯಿಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಡುವುದು, ತಿಂಗಳಿಗೊಮ್ಮೆ ತೆರೆದು ನೋಡುವುದು, ಒಣಗಿದ ಹೂಗಳನ್ನು ಪೀಠದ ಮೇಲೆ ಬಿಡದಿರುವುದು, ಹೊರಗಿನಿಂದ ಬಂದ ಹಳೆಯ ವಸ್ತುವನ್ನು ಮೊದಲು ಬೇರೆಯಾಗಿಟ್ಟು ಪರೀಕ್ಷಿಸುವುದು – ಇವಕ್ಕೆ ಹಣ ಬೇಡ, ಗಮನ ಸಾಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಜಿಲ್ಲೆಗೆ ಒಂದು ಸಾಮಾನ್ಯ ಡೀಪ್ ಫ್ರೀಜರ್ ಈ ಕೆಲಸಕ್ಕೆಂದೇ ಮೀಸಲಿರಲಿ. ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯ ಅದಕ್ಕೆ ತಕ್ಕ ಸ್ಥಳ. ಧರ್ಮಕೇಂದ್ರದ ದಫ್ತರವೂ ಮಠದ ಓಲೆಗರಿಯೂ ಮಸೀದಿಯ ಹಳೆಯ ಗ್ರಂಥವೂ ಅಲ್ಲಿ ಸರದಿಯ ಮೇಲೆ ಎರಡು ವಾರ ಇದ್ದು ಮರಳಲಿ. ಹುಳುವಿಗೆ ಮತಭೇದವಿಲ್ಲ, ಅದರ ವಿರುದ್ಧದ ರಕ್ಷಣೆಗೂ ಇರಬೇಕಾಗಿಲ್ಲ. ಸರ್ಕಾರ ಮುಂದಾಗುವವರೆಗೆ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರವೇ ಒಂದನ್ನು ಇರಿಸಿ, ಪ್ರತಿ ಧರ್ಮಕೇಂದ್ರದಿಂದ ಇಬ್ಬರು ಯುವಕ ಯುವತಿಯರಿಗೆ ತರಬೇತಿ ಕೊಡಿಸಬಹುದು.

ಬಡವರಿಗೆ ಸಲ್ಲಬೇಕಾದ ಹಣವನ್ನು ಹಳೆಯ ಮರಕ್ಕೂ ಕಾಗದಕ್ಕೂ ಸುರಿಯುವುದು ಸರಿಯೇ ಎಂಬ ಆಕ್ಷೇಪ ಬರಬಹುದು. ಅದು ಹಗುರವಾದ ಆಕ್ಷೇಪವಲ್ಲ. ಭೂಮಿಯ ಮೇಲಿನ ಸಂಪತ್ತನ್ನು ನುಸಿ ತಿನ್ನುತ್ತದೆಂದು ಯೇಸುಸ್ವಾಮಿಯೇ ಎಚ್ಚರಿಸಿದ್ದಾರೆ. ಆದರೆ ಆ ಮಾತು ಕೂಡಿಟ್ಟ ಐಶ್ವರ್ಯವನ್ನು ಕುರಿತದ್ದು. ಜ್ಞಾನಸ್ನಾನದ ದಫ್ತರ ಯಾರ ಐಶ್ವರ್ಯವೂ ಅಲ್ಲ. ಕೂಲಿಗಾರನ ಹೆಸರೂ ಜಮೀನುದಾರನ ಹೆಸರೂ ಅದರಲ್ಲಿ ಒಂದೇ ಶಾಯಿಯಲ್ಲಿವೆ. ಅದು ನಾಶವಾದರೆ ಹೆಚ್ಚು ನಷ್ಟವಾಗುವುದು ಬೇರೆ ದಾಖಲೆಯಿಲ್ಲದ ಬಡವನಿಗೇ. ಒಂದು ಹಬ್ಬದ ಪಟಾಕಿ ಮತ್ತು ಧ್ವನಿವರ್ಧಕಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಒಂದು ಫ್ರೀಜರಿನ ಬೆಲೆಗೆ ಆರಂಭವಾದೀತು.

ಈ ವಾರ ಪ್ರತಿಯೊಂದು ಕುಟುಂಬವೂ ತನ್ನ ಹಳೆಯ ಪೆಟ್ಟಿಗೆಯನ್ನು ತೆರೆದು ನೋಡಲಿ. ಅಜ್ಜಿಯ ಮದುವೆಯ ಸೀರೆ, ಅಜ್ಜನ ಪ್ರಾರ್ಥನಾ ಪುಸ್ತಕ, ಮರದ ಚಿಕ್ಕ ಶಿಲುಬೆ ಅಲ್ಲಿರಬಹುದು. ಪುಡಿ ಕಂಡರೆ ಬೆಂಕಿಗೆ ಹಾಕಬೇಡಿ, ವಿಷ ಬಳಿಯಬೇಡಿ. ಸದ್ಯಕ್ಕೆ ಒಂದು ಚೀಲದಲ್ಲಿ ಭದ್ರವಾಗಿ ಕಟ್ಟಿ ಉಳಿದವುಗಳಿಂದ ದೂರವಿಡಿ, ಬಳಿಕ ತಿಳಿದವರನ್ನು ಕೇಳಿ. ಹಾಗೆಯೇ ಧರ್ಮಕೇಂದ್ರದ ಸಲಹಾ ಮಂಡಳಿಯ ಮುಂದಿನ ಸಭೆಯಲ್ಲಿ ದಫ್ತರಗಳ ಸ್ಥಿತಿ ಹೇಗಿದೆಯೆಂದು ಗುರುಗಳನ್ನು ವಿನಯದಿಂದ ವಿಚಾರಿಸಿ.