ಮಾತಿಗೂ ಚಿಕಿತ್ಸೆ ಇದೆ


ಪಾರ್ಶ್ವವಾಯು ಬಡಿದ ಹಿರಿಯರ ಕೈಕಾಲಿಗೆ ಫಿಸಿಯೋಥೆರಪಿ ಕೊಡಿಸುವ ಎಷ್ಟೋ ಮನೆಯವರು, ನಿಂತ ಮಾತನ್ನು ಮಾತ್ರ ‘ವಯಸ್ಸಾಯಿತಲ್ಲ’ ಎಂದು ಬಿಟ್ಟುಬಿಡುತ್ತಾರೆ. ಇದು ಅನ್ಯಾಯ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಸಾಮಾನ್ಯವಾಗಿ ಪದಗಳು ಸಿಗದಾಗುತ್ತವೆಯೇ ಹೊರತು ಬುದ್ಧಿ ಹೋಗಿರುವುದಿಲ್ಲ. ಮಗನ ಹೆಸರು ನಾಲಿಗೆಗೆ ಬಾರದ ತಾಯಿಗೆ ಮಗ ಯಾರೆಂದು ಚೆನ್ನಾಗಿ ಗೊತ್ತಿರುತ್ತದೆ. ಅವರೆದುರೇ ‘ಇವರಿಗೇನೂ ತಿಳಿಯದು’ ಎನ್ನುವುದನ್ನು ಕೇಳಿದರೆ ಸಂಕಟವಾಗುತ್ತದೆ. ವಾಕ್ ಚಿಕಿತ್ಸಕರು ಚಿತ್ರ, ಸನ್ನೆ, ಹಾಡಿನ ಮೂಲಕವೂ ಮಾತಿಗೆ ದಾರಿ ಹುಡುಕುತ್ತಾರೆ. ನುಂಗಲು ಕಷ್ಟಪಡುವವರಿಗೂ ಇವರ ನೆರವು ಬೇಕು. ಪಾರ್ಶ್ವವಾಯು ಬಡಿದ ನಂತರದ ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೇ ಇದೆ. ಆದರೆ ಬೀದರಿನ ಅಜ್ಜಿ ಅಲ್ಲಿಗೆ ಹೇಗೆ ಹೋದಾರು? ತಾಲ್ಲೂಕು ಆಸ್ಪತ್ರೆಗಳಿಗೆ ವಾರಕ್ಕೊಮ್ಮೆಯಾದರೂ ವಾಕ್ ಚಿಕಿತ್ಸಕರು ಬರುವಂತೆ ಆರೋಗ್ಯ ಇಲಾಖೆ ಏರ್ಪಾಡು ಮಾಡಲಿ.

– ಓದುಗರೊಬ್ಬರು, ಹಾಸನ