ಕಬ್ಬಿನ ಹಾಲಿನಿಂದ ಮೊಬೈಲ್ ಚಾರ್ಜ್ ಆಗುತ್ತದೆಯೇ? ‘ಸಕ್ಕರೆ ಬ್ಯಾಟರಿ’ಯ ಅಸಲಿ ವಿಷಯ

ಒಂದು ಲೋಟ ಕಬ್ಬಿನ ಹಾಲಿಗೆ ಎರಡು ತಂತಿ ಇಳಿಬಿಟ್ಟರೆ ಮೊಬೈಲ್ ಚಾರ್ಜ್ ಆಗುತ್ತದೆ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ರಬಕವಿ, ಜಮಖಂಡಿ, ಮುಧೋಳದಂಥ ಕಬ್ಬಿನ ಸೀಮೆಯಲ್ಲಿ ಇದನ್ನು ನೋಡಿ ಆಸೆಪಡುವುದು ಸಹಜ. ಇದರಲ್ಲಿ ನಿಜವೆಷ್ಟು?

ಲೋಟದಲ್ಲಿ ತಾಮ್ರ ಮತ್ತು ಸತುವಿನ ತುಂಡುಗಳಿದ್ದು, ಪುಟ್ಟ ಎಲ್‌ಇಡಿ ಹೊತ್ತಿಕೊಂಡರೆ ಅದಕ್ಕೆ ಕಾರಣ ಸಕ್ಕರೆಯಲ್ಲ, ಕರಗುತ್ತಿರುವ ಸತು. ನಿಂಬೆಹಣ್ಣಿನ ಪ್ರಯೋಗವೂ ಇದೇ.

ಹಾಗೆಂದು ಸಕ್ಕರೆ ಬ್ಯಾಟರಿ ಪೂರ್ತಿ ಸುಳ್ಳಲ್ಲ. ನಮ್ಮ ದೇಹ ಅನ್ನ-ರೊಟ್ಟಿಯಿಂದ ಶಕ್ತಿ ಪಡೆಯುವುದು ಕಿಣ್ವಗಳ, ಅಂದರೆ ಎಂಜೈಮ್‌ಗಳ ನೆರವಿನಿಂದ. ಇಂಥ ಕಿಣ್ವವನ್ನು ಇಂಗಾಲದ ಎಲೆಕ್ಟ್ರೋಡ್ ಮೇಲೆ ಕೂರಿಸಿದರೆ ಅದು ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ಕಿತ್ತು ತಂತಿಗೆ ಕೊಡುತ್ತದೆ. ಕಿಣ್ವದ ನೆರವಿನಿಂದ ಗ್ಲೂಕೋಸ್‌ನಿಂದ ವಿದ್ಯುತ್ ಪಡೆಯುವುದನ್ನು ವಿಜ್ಞಾನಿಗಳು 1964ರಲ್ಲೇ ಮಾಡಿ ತೋರಿಸಿದ್ದರು. 2007ರಲ್ಲಿ ಸೋನಿ ಕಂಪನಿ ಇಂಥ ಕೋಶಗಳಿಂದ ವಾಕ್‌ಮನ್ ನುಡಿಸಿತು. 2014ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ತಂಡ 13 ಕಿಣ್ವಗಳನ್ನು ಸಾಲಾಗಿ ದುಡಿಸಿ, ಒಂದೊಂದು ಗ್ಲೂಕೋಸ್ ಘಟಕದಲ್ಲಿರುವ 24 ಎಲೆಕ್ಟ್ರಾನ್‌ಗಳನ್ನೂ ಹೊರತೆಗೆಯಿತು. ಒಂದೇ ಕಿಣ್ವವಿದ್ದರೆ ಸಾಮಾನ್ಯವಾಗಿ ಸಿಗುವುದು ಎರಡೇ.

ಈಗ ಲೆಕ್ಕ ನೋಡಿ. ಸೋನಿಯ ಒಂದು ಕೋಶ ಕೊಟ್ಟಿದ್ದು 50 ಮಿಲಿವ್ಯಾಟ್. ಸಾದಾ ಮೊಬೈಲ್ ಚಾರ್ಜರ್ ಕೊಡುವುದು 10 ವ್ಯಾಟ್, ಅಂದರೆ 200 ಪಟ್ಟು. ಆ ಒಂದು ಕೋಶದಿಂದ 5000 ಎಂಎಎಚ್ ಫೋನ್ ತುಂಬಲು ಎರಡು ವಾರಕ್ಕೂ ಹೆಚ್ಚು ಬೇಕು. ಅಷ್ಟೊತ್ತಿಗೆ ಕಿಣ್ವವೇ ಸೊರಗಿರುತ್ತದೆ! ಇನ್ನೊಂದು ತೊಡಕೂ ಇದೆ: ಕಬ್ಬಿನ ಹಾಲಿನಲ್ಲಿ ಹೆಚ್ಚಾಗಿರುವುದು ಸುಕ್ರೋಸ್. ಗ್ಲೂಕೋಸ್‌ಗೆ ಹೊಂದುವ ಕಿಣ್ವ ಅದನ್ನು ಮುಟ್ಟುವುದಿಲ್ಲ. ಮೊದಲು ಬೇರೆ ಕಿಣ್ವದಿಂದ ಅದನ್ನು ಒಡೆಯಬೇಕು.

ಕಡಿಮೆ ವಿದ್ಯುತ್ತಿನ ಈ ಸಮಸ್ಯೆಗೆ ಸಂಶೋಧಕರು ಹುಡುಕಿದ ದಾರಿಯೇ ವಿದ್ಯುತ್ ಉತ್ಪಾದಿಸಿ ತಾನೇ ಕೂಡಿಡುವ ಕೋಶ. ಎಲೆಕ್ಟ್ರೋಡ್‌ಗೆ ಕಾರ್ಬನ್ ನ್ಯಾನೊಟ್ಯೂಬ್‌ನಂಥ ಚಾರ್ಜ್ ಹಿಡಿದಿಡುವ ವಸ್ತು ಸೇರಿಸುತ್ತಾರೆ. ನಲ್ಲಿ ಸಣ್ಣಗೆ ಹರಿದರೂ ಕೊಡ ತುಂಬುತ್ತದಲ್ಲ, ಹಾಗೆ. ತುಂಬಿದ ಮೇಲೆ ಒಮ್ಮೆಲೇ ಸುರಿಯಬಹುದು. ಮೈಗೆ ಅಂಟಿಸುವ ಪುಟ್ಟ ಸೆನ್ಸರ್ ಆಗಾಗ ಸಂದೇಶ ಕಳಿಸಲು ಇಷ್ಟು ಸಾಕು. ಫೋನಿಗೆ ಸಾಲದು.

ಕಬ್ಬಿನಿಂದ ನಿಜಕ್ಕೂ ದೊಡ್ಡ ಪ್ರಮಾಣದಲ್ಲಿ ಕರೆಂಟ್ ತೆಗೆಯುವುದು ಸಕ್ಕರೆ ಕಾರ್ಖಾನೆಗಳು. ಅದೂ ರಸದಿಂದಲ್ಲ, ಹಿಂಡಿದ ಸಿಪ್ಪೆ ಸುಟ್ಟು, ಉಗಿಯಿಂದ ಟರ್ಬೈನ್ ತಿರುಗಿಸಿ.

ಅಂದಹಾಗೆ, ಇದೇ ತಂತ್ರದ ಒಂದು ವಸ್ತು ನಿಮ್ಮ ಮನೆಯಲ್ಲೇ ಇರಬಹುದು: ಶುಗರ್ ನೋಡುವ ಗ್ಲೂಕೋಮೀಟರ್ ಪಟ್ಟಿ. ಅದರಲ್ಲಿರುವ ಕಿಣ್ವ ರಕ್ತದ ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ತೆಗೆಯುತ್ತದೆ, ಯಂತ್ರ ಆ ಕರೆಂಟ್ ಅಳೆದು ಅಂಕಿ ತೋರಿಸುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅಥವಾ ಬಿಸಿಲಿಗೆ ಬಿಟ್ಟರೆ ಕಿಣ್ವ ಕೆಡುತ್ತದೆ, ಆಗ ಅಂಕಿಯೂ ತಪ್ಪಬಹುದು. ಆ ತಪ್ಪು ಅಂಕಿ ನಂಬಿ ಇನ್ಸುಲಿನ್ ತೆಗೆದುಕೊಂಡರೆ ಅಪಾಯ.